ಗುರುಗುಂಟಾ ದಾಟಿದ ಮೇಲೆ

ಶಿವಪ್ರಸಾದನಿಗೆ ನಾಯಿ ಕಚ್ಚದೇ ಇದ್ದಿದ್ದರೆ ಅವನಿಗೂ ಸುರೇಖಾಳಿಗೂ ಮದುವೆ ಆಗುತ್ತಿರಲಿಲ್ಲ.

ಅವನು ಗುರುಗುಂಟಾದ ಪಶು ಆಸ್ಪತ್ರೆಯಲ್ಲಿ ವೈದ್ಯಕೀಯ ಪರೀಕ್ಷಕ. ಊರವರ ಬಾಯಲ್ಲಿ ದನದ ಡಾಕ್ಟರ್. ಇಪ್ಪತ್ತೆರಡು ವರ್ಷದ ನೌಕರಿಯಲ್ಲಿ ಎತ್ತು ಒದ್ದಿತ್ತು, ಎಮ್ಮೆ ತಿವಿದಿತ್ತು, ಹೋತ ಗುದ್ದಿತ್ತು. ನಾಯಿ ಕಚ್ಚಿದ್ದು ಮಾತ್ರ ಹೋದ ವರ್ಷ, ಅದೂ ಅವನು ಮನೆ ಮಾಡಿದ್ದ ಸಿಂಧನೂರಿನ ಬಸ್ ಸ್ಟ್ಯಾಂಡಿನ ಹತ್ತಿರ ಚಹಾ ಕುಡಿಯುತ್ತ ನಿಂತಾಗ. ಅಲ್ಲೇ ಆಸ್ಪತ್ರೆಗೆ ಹೋದ. ಐದು ಇಂಜೆಕ್ಷನ್ ಬರೆದರು. ಐದನ್ನೂ ಕೊಟ್ಟವಳು ಸ್ಟಾಫ್ ನರ್ಸ್ ಸುರೇಖಾ.

ಮೊದಲ ದಿನ ಅವಳು, "ತೋಳು ಸಡ್ಲ ಬಿಡ್ರಿ," ಎಂದು ಗದರಿದಳು. ಎರಡನೇ ಸಲ, ಕಚ್ಚಿದ ನಾಯಿ ಬದುಕಿದೆಯೋ ಇಲ್ಲವೋ ನೋಡಿದಿರಾ ಎಂದು ಕೇಳಿದಳು. ದಿನಾ ಹೋಗಿ ಅದಕ್ಕೆ ಬಿಸ್ಕೀಟು ಹಾಕಿ ನೋಡಿಕೊಂಡು ಬರುತ್ತಿದ್ದೇನೆ ಎಂದ. ಕಚ್ಚಿದ ನಾಯಿಗೆ ಬಿಸ್ಕೀಟು ಹಾಕುವ ಗಂಡಸನ್ನು ಅವಳು ಅಲ್ಲಿಯವರೆಗೆ ನೋಡಿರಲಿಲ್ಲ. ಐದನೆಯದು ಮುಗಿದ ಮೇಲೆ ಅವನಿಗೆ ಬರಲು ಕಾರಣ ಉಳಿಯಲಿಲ್ಲ. ಆದರೂ ಒಂದು ವಾರ ಬಿಟ್ಟು ಬಂದು ಬಿಪಿ ನೋಡಿಸಿಕೊಂಡ. ಸರಿಯಿತ್ತು. ಮುಂದಿನ ವಾರ ಮತ್ತೆ ಬಂದ.

"ನಿಮ್ಮ ಬಿಪಿ ನನಗಿಂತ ಚಲೋ ಐತಿ," ಎಂದಳು ಸುರೇಖಾ, ಪಟ್ಟಿ ಬಿಚ್ಚುತ್ತ. "ಏನ್ ಕೇಳಬೇಕಂತ ಬಂದೀರೋ ಅದನ್ನ ಕೇಳಿಬಿಡ್ರಿ."

ಅವನಿಗೆ ಐವತ್ತು, ಅವಳಿಗೆ ನಲವತ್ನಾಲ್ಕು. ಅವನ ಹೆಂಡತಿ ಶೈಲಜಾ ತೀರಿಕೊಂಡು ಒಂಬತ್ತು ವರ್ಷವಾಗಿತ್ತು. ಸುರೇಖಾ ಮದುವೆಯನ್ನೇ ಆಗಿರಲಿಲ್ಲ. ತನ್ನೂರು ವಳಕಮದಿನ್ನಿಯ ಮನೆಯಲ್ಲಿ ಲಕ್ವ ಹೊಡೆದ ತಾಯಿಯನ್ನು ಹದಿನಾಲ್ಕು ವರ್ಷ ನೋಡಿಕೊಂಡು, ಎರಡು ವರ್ಷದ ಹಿಂದೆ ಮಣ್ಣು ಮಾಡಿದ್ದಳು. ಅವಳದು ಬೌದ್ಧರ ಮನೆ, ಅವನದು ಮಲ್ಲಯ್ಯನ ಒಕ್ಕಲು. ಎರಡೂ ಕಡೆಯ ಹಿರಿಯರು ಒಂದಷ್ಟು ದಿನ ಮುಖ ಬಿಗಿದುಕೊಂಡರು. ರಾಯಚೂರಿನಲ್ಲಿ ಓದುತ್ತಿದ್ದ ಅವನ ಮಗಳು ಪಂಪಾವತಿ ರಜೆ ಹಾಕಿ ಬಂದು, ರಿಜಿಸ್ಟ್ರಾರ್ ಕಚೇರಿಯಲ್ಲಿ ಸಾಕ್ಷಿಯ ಸಹಿ ಹಾಕಿ, ಇಬ್ಬರಿಗೂ ಜಿಲೇಬಿ ತಿನ್ನಿಸಿದ ಮೇಲೆ ಎಲ್ಲರೂ ಸುಮ್ಮನಾದರು.

ಮದುವೆಯಾಗಿ ಎರಡು ತಿಂಗಳಾದರೂ ಅವರಿಬ್ಬರ ನಡುವೆ ಆಸ್ಪತ್ರೆಯ ವಾಸನೆ ಹೋಗಿರಲಿಲ್ಲ. ಅವನು ಇನ್ನೂ ಬಾಯಿ ತಪ್ಪಿ "ಸಿಸ್ಟರ್" ಎಂದುಬಿಡುತ್ತಿದ್ದ. ಒಮ್ಮೆ ಕಾಯಿಪಲ್ಲೆ ಬಜಾರಿನಲ್ಲಿ, "ಸಿಸ್ಟರ್, ಬದನಿಕಾಯಿ ತಗೊಳ್ಳೋಣೇನ್ರಿ?" ಎಂದು ಕೇಳಿ, ಮಾರುವವಳು ಇಬ್ಬರನ್ನೂ ತಿರುತಿರುಗಿ ನೋಡುವಂತೆ ಮಾಡಿದ್ದ. ಅವಳು ಅವನನ್ನು "ರೀ" ಎನ್ನುತ್ತಿದ್ದಳು. ಅದನ್ನೂ ರೋಗಿಗಳಿಗೆ ಅನ್ನುವ ಹಾಗೆಯೇ.

ಜನವರಿಯಲ್ಲಿ ಇಬ್ಬರಿಗೂ ಒಟ್ಟಿಗೆ ಮೂರು ದಿನ ರಜೆ ಸಿಕ್ಕಿತು. ಜೊತೆಯ ನರ್ಸುಗಳು ಊಟಿಗೆ ಹೋಗಿ ಬಾ ಎಂದರು. ಮೂರು ದಿನದಲ್ಲಿ ಎರಡು ದಿನ ದಾರಿಗೇ ಹೋಗುತ್ತದೆ ಎಂದು ಸುರೇಖಾ ಲೆಕ್ಕ ಹಾಕಿದಳು.

"ಊಟ್ಯಾಗ ಏನಿರ್ತೈತ್ರಿ?" ಎಂದ ಶಿವಪ್ರಸಾದ. "ಗುಡ್ಡ, ನೀರು, ಪ್ರಾಣಿ. ಮೂರೂ ನಮ್ಮ ಕಡೇನೇ ಅದಾವ. ನಾವು ನೋಡಿಲ್ಲ ಅಷ್ಟ."

ಕೃಷ್ಣೆಯ ಹಿನ್ನೀರಿನ ದಂಡೆಯ ಮೇಲೆ ಹೊಸದಾಗಿ ಒಂದು ಸಣ್ಣ ಹೋಟೆಲು ಆಗಿತ್ತು. ಒಟ್ಟು ಎಂಟು ಕೋಣೆ. ಅವನು ಫೋನ್ ಮಾಡಿ ನೀರಿನ ಕಡೆಗೆ ಬಾಗಿಲಿರುವ ಕೋಣೆಯೇ ಬೇಕೆಂದು ಹೇಳಿಟ್ಟ. ಆಮೇಲೆ ಅವಳೆದುರಿಗೇ ಫೋನನ್ನು ಬಂದ್ ಮಾಡಿ ಕಾರಿನ ಖಾನೆಯಲ್ಲಿ ಹಾಕಿದ.

"ಮೂರು ದಿನ ನಾ ದನದ ಡಾಕ್ಟರ್ ಅಲ್ಲ," ಎಂದ. ಯಾಕೆ ಅಷ್ಟು ಬಿಗಿಯಾಗಿ ಹೇಳಿದನೆಂದು ಅವಳಿಗೆ ಆಗ ತಿಳಿಯಲಿಲ್ಲ.

ಶುಕ್ರವಾರ ಬೆಳಿಗ್ಗೆ ಸಿಂಧನೂರು ಬಿಟ್ಟರು. ಅಕ್ಕಿ ಗಿರಣಿಗಳ ಹೊಟ್ಟಿನ ಧೂಳು, ಕಾಲುವೆ, ನಾಟಿ ಹಚ್ಚಿದ ಗದ್ದೆಗಳ ಎಳೆ ಹಸಿರು ಹಿಂದೆ ಸರಿದವು. ಕಾಲುವೆ ಮುಗಿದ ಹಾಗೆ ಜೋಳ, ಕಡಲೆ, ಹತ್ತಿ ಬಂದವು. ಮಸ್ಕಿಯ ಗುಡ್ಡ ದೂರದಿಂದಲೇ ಕಾಣಿಸಿತು. ಒಂದರ ಮೇಲೊಂದು ಪೇರಿಸಿಟ್ಟಂಥ ಬಂಡೆಗಳು. ಈಗ ಉರುಳುತ್ತವೆ ಅನ್ನಿಸುವ ಹಾಗೆ ನಿಂತು ಎಷ್ಟೋ ಸಾವಿರ ವರ್ಷವಾಗಿದ್ದವು.

ಮೊದಲು ಅಶೋಕನ ಶಾಸನದ ಬಂಡೆಗೆ ಹೋದರು. ಸುರೇಖಾ ಚಿಕ್ಕವಳಿದ್ದಾಗ ಅಪ್ಪನ ಸೈಕಲ್ಲಿನ ಮೇಲೆ ಬಂದಿದ್ದ ಜಾಗ. ಅವಳು ಚಪ್ಪಲಿ ಬಿಟ್ಟು, ಕಬ್ಬಿಣದ ಸರಳುಗಳ ಹೊರಗೆ ಕೈ ಮುಗಿದು ನಿಂತಳು. ಅವನೂ ಚಪ್ಪಲಿ ಬಿಟ್ಟ. ಈ ರಸ್ತೆಯಲ್ಲಿ ನೂರಾರು ಸಲ ಓಡಾಡಿದ್ದರೂ ಅವನು ಒಮ್ಮೆಯೂ ಇಲ್ಲಿ ಇಳಿದಿರಲಿಲ್ಲ.

"ಏನ್ ಬರದಾರ ಇದರಾಗ?"

"ಅಪ್ಪ ಹೇಳ್ತಿದ್ದ. ಸಣ್ಣವರು, ದೊಡ್ಡವರು ಯಾರಾದ್ರೂ ಧರ್ಮದಿಂದ ನಡದ್ರ ಮ್ಯಾಲೆ ಬರಬಹುದು, ಬರೇ ದೊಡ್ಡವರಿಗೇ ಅಂತ ತಿಳ್ಕೋಬ್ಯಾಡ್ರಿ ಅಂತ." ಅವಳು ಚಪ್ಪಲಿ ಮೆಟ್ಟುತ್ತ ಅಂದಳು, "ನಾ ನರ್ಸಿಂಗ್ ಸೇರೋ ಮೊದಲು ಅಪ್ಪ ನನ್ನ ಇಲ್ಲಿಗೇ ಕರ್ಕೊಂಡು ಬಂದು ನಿಂದ್ರಿಸಿದ್ದ."

ಆಮೇಲೆ ಮಲ್ಲಯ್ಯನ ಗುಡ್ಡದ ಮೆಟ್ಟಿಲು ಹತ್ತಿದರು. ಅರ್ಧಕ್ಕೆ ಅವಳ ಮೊಣಕಾಲು ಹಿಡಿಯಿತು. ಅವನು ಕೈ ಚಾಚಬೇಕೋ ಬೇಡವೋ ಎಂದು ಒಂದು ಗಳಿಗೆ ಯೋಚಿಸಿ ಚಾಚಿದ. ಅವಳು ಹಿಡಿದುಕೊಂಡಳು. ಮೇಲೆ ಅವನು ಗುಡಿಯೊಳಗೆ ಹೋಗಿ ಬರುವವರೆಗೆ ಅವಳು ಗಾಳಿಗೆ ಕುಳಿತು, ಕೆಳಗೆ ಹರಡಿದ ಹೊಲಗಳನ್ನೂ ದೂರದ ಜಲಾಶಯದ ಬಿಳಿ ಗೆರೆಯನ್ನೂ ನೋಡಿದಳು. ಪಕ್ಕದ ಬಂಡೆಯ ಮೇಲೆ ಒಂದು ಮುಸಿಯ ತನ್ನ ಮರಿಯ ಹೇನು ಹೆಕ್ಕುತ್ತಿತ್ತು. ಅವನು ಬಂದು ಹಣೆಗೆ ವಿಭೂತಿ ಹಚ್ಚಲೋ ಎಂಬಂತೆ ನೋಡಿದ. ಅವಳು ನಕ್ಕು ತಲೆ ಅಲ್ಲಾಡಿಸಿ, ಕೊಬ್ಬರಿ ಸಕ್ಕರೆಗೆ ಕೈ ಒಡ್ಡಿದಳು.

ಲಿಂಗಸುಗೂರಿನಲ್ಲಿ ಊಟ ಮಾಡಿ ಗುರುಗುಂಟಾಕ್ಕೆ ಬಂದು, ಆಸ್ಪತ್ರೆಯ ಬೀಗದ ಕೈಯನ್ನು ಕಂಪೌಂಡರ್ ಕನಕರಾಯನಿಗೆ ಕೊಟ್ಟು ಮುಂದೆ ಹೊರಟಾಗ ಮೂರು ಗಂಟೆ. ಊರು ದಾಟಿ ಸ್ವಲ್ಪ ದೂರ ಹೋದ ಮೇಲೆ, ರಸ್ತೆಯ ಎಡಕ್ಕೆ ಬೀಳು ಹೊಲದಲ್ಲಿ ಒಂದು ಹಳೆಯ ಬಾವಿಯ ಸುತ್ತ ಜನ ಸೇರಿದ್ದರು. ಕುರಿನಾಯಿಗಳು ಒಂದೇ ಸಮ ಬೊಗಳುತ್ತಿದ್ದವು. ಮೂರು ನಾಲ್ಕು ಜನರ ಕೈಯಲ್ಲಿ ಕಲ್ಲುಗಳಿದ್ದವು.

ಶಿವಪ್ರಸಾದ ನೋಡಿದ. ನೋಡಿಯೂ ಕಾರು ನಿಲ್ಲಿಸಲಿಲ್ಲ.

"ಅಲ್ಲಿ ಏನೋ ಆಗೇತ್ರಿ," ಎಂದಳು ಸುರೇಖಾ.

"ಏನೂ ಇರಲಿಕ್ಕಿಲ್ಲ."

ಅವನ ಬೆರಳುಗಳು ಸ್ಟೇರಿಂಗಿನ ಮೇಲೆ ಬಿಳಿಚಿಕೊಂಡಿದ್ದವು. ಇಂಜೆಕ್ಷನ್ ಚುಚ್ಚುವಾಗಲೂ ಅವನು ಹೀಗೆ ಬಿಗಿ ಹಿಡಿದಿರಲಿಲ್ಲ.

"ಗಾಡಿ ನಿಂದ್ರಸ್ರಿ."

ನಿಲ್ಲಿಸಿದ. ಇಂಜಿನ್ ಬಂದ್ ಮಾಡಲಿಲ್ಲ.

"ಶೈಲಜಾಗ ನಾ ಹನ್ನೆರಡು ವರ್ಷ ಹೇಳಿದ್ದು ಒಂದೇ ಮಾತು. ಬ್ಯಾಸಿಗಿಗೆ ಹೋಗೋಣ, ದಸರಾಕ್ಕ ಹೋಗೋಣ," ಎಂದ ಅವನು, ಮುಂದಿನ ರಸ್ತೆಯನ್ನೇ ನೋಡುತ್ತ. "ಪ್ರತಿ ಸಲ ಯಾರದೋ ಆಕಳ ಈಯೂದು, ಯಾರದೋ ಕುರಿ ಹೊಟ್ಟಿ ಉಬ್ಬೂದು. ಒಮ್ಮೆ ಬಸ್ಸಿನ್ಯಾಗ ಕೂತಾಕಿನ್ನ ಇಳಿಸ್ಕೊಂಡು ಬಂದೀನಿ. ಆಕಿ ಒಂದ್ ಮಾತು ಅನ್ನಲಿಲ್ಲ. ಆಮ್ಯಾಲೆ ಆಕಿಗೆ ಕ್ಯಾನ್ಸರ್ ಆತು. ಹೋಗೋದು ಆಗಲೇ ಇಲ್ಲ. ನಿಮಗೂ ಹಂಗ ಮಾಡಬಾರ್ದಂತ…"

ಸುರೇಖಾ ಕೈ ಚಾಚಿ ಕೀಲಿ ತಿರುವಿ ಇಂಜಿನ್ ಬಂದ್ ಮಾಡಿದಳು.

"ನನ್ನ ನೀವು ಇಳಿಸ್ಕೊಂಡು ಹೊಂಟಿಲ್ಲ. ನಾನೇ ಇಳಿಯಾಕತ್ತೀನಿ," ಎಂದಳು. "ಆ ಕಲ್ಲು ಯಾರ ಮ್ಯಾಲೆ ಬೀಳ್ತಾವೋ ಗೊತ್ತಿಲ್ಲದ ನಾ ಹೋಟೆಲಿನ್ಯಾಗ ಚಾ ಕುಡಿಲಿಕ್ಕೆ ಆಗಂಗಿಲ್ಲ. ಬರ್ರಿ."

ಬಾವಿಯಲ್ಲಿ ಬಿದ್ದದ್ದು ತೋಳ. ನಾಲ್ಕಾಳು ಆಳ, ತಳದಲ್ಲಿ ಮೊಣಕಾಲುದ್ದ ಪಾಚಿ ನೀರು. ಕುಸಿದು ಬಿದ್ದ ಒಂದು ಚಪ್ಪಡಿಯ ಮೇಲೆ ನಾಲ್ಕೂ ಕಾಲು ಕೂಡಿಸಿ ನಿಂತು ನಡುಗುತ್ತಿತ್ತು. ಒದ್ದೆಯಾದ ಕೂದಲು ಮೈಗೆ ಅಂಟಿ, ಅದು ಮಳೆಯಲ್ಲಿ ನೆನೆದ ಬೀದಿನಾಯಿಗಿಂತ ದೊಡ್ಡದೇನೂ ಕಾಣಿಸುತ್ತಿರಲಿಲ್ಲ.

ಕಲ್ಲು ಹಿಡಿದು ಮುಂದೆ ನಿಂತಿದ್ದವನು ಕುರುಬರ ದುರುಗಪ್ಪ. ಶಿವಪ್ರಸಾದ ಅವನ ಕುರಿಗಳಿಗೆ ವರ್ಷ ವರ್ಷ ಲಸಿಕೆ ಹಾಕಿದವನು.

"ಬರ್ರಿ ಸಾಹೇಬ್ರ, ಬರೋಬರಿ ಹೊತ್ತಿಗೆ ಬಂದ್ರಿ. ನನ್ನ ಹನ್ನೊಂದು ಮರಿ ತಿಂದ ಹಲ್ಕಟ್ ಇದು. ಇವತ್ತು ತಾನೇ ಬಂದು ಬಿದ್ದೈತಿ."

"ಇದೇ ತಿಂದೈತಂತ ಹೆಂಗ ಗೊತ್ತು, ದುರುಗಪ್ಪಣ್ಣ?"

"ಇದಲ್ಲದಿದ್ರ ಇದರ ತಮ್ಮ ತಿಂದಿರ್ತೈತಿ."

ಸುರೇಖಾ ಬಾವಿಯ ಅಂಚಿಗೆ ಮಂಡಿಯೂರಿ ಬಗ್ಗಿ ನೋಡಿದಳು. ಬಹಳ ಹೊತ್ತು ನೋಡಿದಳು. ಆಮೇಲೆ ಪಕ್ಕದಲ್ಲಿ ನಿಂತಿದ್ದ ದುರುಗಪ್ಪನ ಹೆಂಡತಿ ಅಮರಮ್ಮನಿಗೆ ಮೆಲ್ಲಗೆ ಅಂದಳು, "ಅದರ ಹೊಟ್ಟಿ ಕೆಳಗ ನೋಡ್ರಿ, ಅಕ್ಕ. ಮೊಲಿ ತುಂಬ್ಯಾವ. ಎಲ್ಲೋ ಮರಿ ಹಾಕಿ ಬಂದೈತಿ."

ಅಮರಮ್ಮ ಬಗ್ಗಿ ನೋಡಿ, ಹಿಂದೆ ಸರಿದು ಕೈಯಲ್ಲಿದ್ದ ಕಲ್ಲನ್ನು ನೆಲಕ್ಕಿಟ್ಟಳು. "ಅಯ್ಯ ಶಿವನೇ, ಬಾಣಂತಿ ಐತಲ್ಲೋ," ಎಂದಳು ಗಂಡನಿಗೆ.

"ಹಂಗಾದ್ರ ಇನ್ನೂ ಐದು ತೋಳ ತಯಾರಾಗ್ಯಾವ ಅಂದಂಗಾತು," ಎಂದ ದುರುಗಪ್ಪ. ಅವನ ಮಾತಿನಲ್ಲಿ ತಪ್ಪೇನೂ ಇರಲಿಲ್ಲ. ಜನ ಹೌದು ಹೌದು ಎಂದರು.

ಶಿವಪ್ರಸಾದ ಕಾರಿನಿಂದ ಫೋನು ತಂದು ಚಾಲೂ ಮಾಡಿ ಅರಣ್ಯ ಇಲಾಖೆಗೆ ಹಚ್ಚಿದ. ಅವರ ಗಾಡಿ ಬೇರೆ ಕಡೆಗೆ ಹೋಗಿತ್ತು. ಬರುವುದು ಬೆಳಿಗ್ಗೆಯೇ ಆದೀತು. ಹತ್ತಲು ಏನಾದರೂ ದಾರಿ ಮಾಡಿ ಇಟ್ಟು ಎಲ್ಲರೂ ದೂರ ಸರಿಯಿರಿ, ತಾನೇ ಹೋಗುತ್ತದೆ, ಯಾರೂ ಮೈಮುಟ್ಟಲು ಹೋಗಬೇಡಿ ಎಂದು ಹೇಳಿದರು. ಅವನು ಫೋನಿಟ್ಟು ದುರುಗಪ್ಪನ ಎದುರಿಗೆ ಬಂದು ನಿಂತ.

"ಇದನ್ನ ಬಿಟ್ರ ನಾಳೆ ನಿನ್ನ ಹಟ್ಟಿಗೆ ಬರಂಗಿಲ್ಲ ಅಂತ ನಾ ಹೇಳಂಗಿಲ್ಲ, ದುರುಗಪ್ಪಣ್ಣ. ಬಂದರೂ ಬರಬಹುದು. ಸುಳ್ಳು ಯಾಕ ಹೇಳ್ಲಿ? ಹಟ್ಟಿಗೆ ಬೇಲಿ ಎತ್ತರ ಮಾಡೋಣ, ಅದಕ್ಕ ನಾನೂ ನಿನ್ನ ಜೋಡಿ ನಿಂದರ್ತೀನಿ. ಆದ್ರ ಬಾವ್ಯಾಗ ಬಿದ್ದದ್ದನ್ನ ಮ್ಯಾಲಿಂದ ಕಲ್ಲು ಹಾಕಿ ಕೊಲ್ಲೂದು ನನಗ ನೋಡಾಕ ಆಗಂಗಿಲ್ಲ."

ದುರುಗಪ್ಪ ಕಲ್ಲನ್ನು ಒಂದು ಕೈಯಿಂದ ಇನ್ನೊಂದು ಕೈಗೆ ಬದಲಾಯಿಸಿದ. ಬಾವಿಯೊಳಗೆ ನೋಡಿದ. ಹೆಂಡತಿಯ ಕಡೆ ನೋಡಿದ.

"ಹೋದ ಮಳಿಗಾಲದಾಗ ನನ್ನ ಕುರಿಗೆ ರೋಗ ಬಂದಾಗ ನೀವು ಎರಡು ದಿನ ಮನಿಗೆ ಹೋಗಿದ್ದಿಲ್ಲ," ಎಂದ ಕೊನೆಗೆ. "ಅದನ್ನ ನೆನಸಿ ಬಿಡ್ತೀನಿ. ಇದರ ಮಾರಿ ನೋಡಿ ಅಲ್ಲ, ತಿಳೀತೇನ್ರಿ?"

"ತಿಳೀತು."

"ಲಾಲ್‌ಸಾಬನ ಹೊಲದಾಗ ಏಣಿ ಐತಿ," ಎಂದು ಅವನೇ ಹೇಳಿದ.

ಬಾವಿಯ ಒಂದು ಬದಿಗೆ ಹಳೆಯ ಮೆಟ್ಟಿಲುಗಳಿದ್ದವು. ಮೇಲಿನ ಎಂಟೋ ಹತ್ತೋ ಉಳಿದು ಕೆಳಗಿನವು ಕುಸಿದಿದ್ದವು. ಕೊನೆಯ ಮೆಟ್ಟಿಲಿನಿಂದ ತೋಳ ನಿಂತ ಚಪ್ಪಡಿಗೆ ಏಣಿ ಓರೆಯಾಗಿ ಇಟ್ಟರೆ ಸಾಕಿತ್ತು. ಹುಣಸೆ ಬಡಿಯುವ ಉದ್ದನೆಯ ಬಿದಿರೇಣಿ ಬಂತು. ಕಾಲು ಜಾರದಿರಲೆಂದು ಸುರೇಖಾ ಮತ್ತು ಅಮರಮ್ಮ ಅದರ ಮೆಟ್ಟುಗಳಿಗೆ ಗೋಣಿತಟ್ಟು ಸುತ್ತಿ ಸುತಳಿಯಿಂದ ಕಟ್ಟಿದರು. ಸುರೇಖಾಳದು ದಿನಾ ಬ್ಯಾಂಡೇಜು ಸುತ್ತಿ ಪಳಗಿದ ಕೈ. ಒಂದು ಸುತ್ತೂ ಸಡಿಲಾಗಲಿಲ್ಲ.

ಇಳಿಯುವವರು ಯಾರು ಎಂಬ ಪ್ರಶ್ನೆಯೇ ಏಳಲಿಲ್ಲ. ಶಿವಪ್ರಸಾದ ಸೊಂಟಕ್ಕೆ ಹಗ್ಗ ಕಟ್ಟಿಕೊಂಡ. ಇನ್ನೊಂದು ತುದಿಯನ್ನು ದುರುಗಪ್ಪ ಮತ್ತು ಇಬ್ಬರು ಹಿಡಿದರು. ಅವರ ಮುಂದೆ ಸುರೇಖಾ ತಾನೂ ಹಿಡಿದು, ಕಾಲೂರಿ ನಿಂತಳು. ಅವನು ಒಂದೊಂದೇ ಮೆಟ್ಟಿಲು ಇಳಿದ. ಕೆಳಗಿನಿಂದ ತೋಳ ಹಲ್ಲು ಕಿರಿದು ಗುರ್ರೆಂದಿತು. ಅವನು ನಿಂತು, ಅದರ ಕಣ್ಣು ನೋಡದೆ, ಏಣಿಯನ್ನು ಗೋಡೆಗುಂಟ ಮೆಲ್ಲಗೆ ಜಾರಿಸಿದ. ಏಣಿಯ ಕಾಲು ಚಪ್ಪಡಿಗೆ ತಾಗಿತು. ತೋಳ ಹಿಂದೆ ಸರಿದು ನೀರಿಗಿಳಿಯಿತು. ಅದೇ ಹೊತ್ತಿಗೆ ಅವನ ಕಾಲ ಕೆಳಗಿನ ಕಲ್ಲು ಕಿತ್ತು ದಬಕ್ಕನೆ ಕೆಳಗೆ ಬಿತ್ತು.

"ಶಿವಪ್ರಸಾದ!"

"ಸುರೇಖಾ, ಬಿಗಿ ಹಿಡಿ! ಬಿಡಬ್ಯಾಡ!"

ಹಗ್ಗ ಅವಳ ಅಂಗೈಯನ್ನು ಸುಡುತ್ತ ಒಂದು ಮೊಳ ಓಡಿ ನಿಂತಿತು. ಅವನು ಗೋಡೆಯ ಸಂದಿಗೆ ಬೆರಳು ಸಿಕ್ಕಿಸಿ, ಮೇಲಿನ ಮೆಟ್ಟಿಲಿಗೆ ಕಾಲು ಹಾಕಿ, ಏದುಸಿರು ಬಿಡುತ್ತ ಹತ್ತಿ ಬಂದ. ಏಣಿ ಇಟ್ಟಲ್ಲೇ ನಿಂತಿತ್ತು. ಬಂದವನೇ ಅವಳ ಕೈ ಹಿಡಿದು ತಿರುವಿ ನೋಡಿದ. ಅಂಗೈ ಕೆಂಪಾಗಿ ಚರ್ಮ ಸುಲಿದಿತ್ತು. ಸುತ್ತ ಅಷ್ಟು ಜನ ನಿಂತಿದ್ದರೂ ಅವನು ಆ ಕೈ ಬಿಡಲಿಲ್ಲ.

ಎಲ್ಲರೂ ನಾಯಿಗಳನ್ನು ಎಳೆದುಕೊಂಡು ದೂರದ ಬದುವಿನಾಚೆ ಹೋಗಿ ಕುಳಿತರು. ಗಂಡ ಹೆಂಡತಿ ರಸ್ತೆಯ ಮೇಲೆ ಕಾರಿನಲ್ಲಿ ಕುಳಿತರು. ಅವನು ಕಾರಿನಲ್ಲಿದ್ದ ಔಷಧಿ ಪೆಟ್ಟಿಗೆ ತೆಗೆದು ಅವಳ ಅಂಗೈಗೆ ಮುಲಾಮು ಹಚ್ಚಿದ.

"ಇದು ದನಕ್ಕ ಹಚ್ಚೋದಲ್ರಿ?"

"ಹೂಂ. ಭಾಳ ಚಲೋದು. ಎಮ್ಮಿಗೆ ಎರಡು ದಿನದಾಗ ಮಾಯ್ತೈತಿ."

ಅವಳಿಗೆ ನಗು ತಡೆಯಲಾಗಲಿಲ್ಲ. ನಗುತ್ತ ನಗುತ್ತ ಕಣ್ಣಲ್ಲಿ ನೀರು ಬಂತು, ಬಂದದ್ದು ನಿಲ್ಲಲಿಲ್ಲ. ಅವನು ಗಾಬರಿಯಾದ.

"ಕಲ್ಲು ಕಿತ್ತಾಗ ನನ್ನ ಜೀವ ಹೋಗಿತ್ತು," ಎಂದಳು. "ದಿನಾ ನೂರು ಮಂದೀನ ನೋಡ್ತೀನಿ, ಕೈ ನಡುಗಂಗಿಲ್ಲ. ಇವತ್ತು ಹೆಸರು ಹಿಡದು ಒದರಿದೆ."

"ನಾನೂ ಒದರಿದೆ. ಹಿಡಿ ಅಂದೆ. ಹಿಡೀರಿ ಅನ್ನಬೇಕಿತ್ತು."

"ಬ್ಯಾಡ. ಹಿಡಿ ಅಂದದ್ದೇ ಇರ್ಲಿ."

ಅವರು ಕಟ್ಟಿಕೊಂಡು ಬಂದಿದ್ದ ಸಜ್ಜೆರೊಟ್ಟಿ, ಶೇಂಗಾ ಚಟ್ನಿ ಬಿಚ್ಚಿದರು. ಅವಳ ಕೈಗೆ ಮುಲಾಮಿದ್ದುದರಿಂದ ಅವನೇ ಮುರಿದು ತಿನ್ನಿಸಿದ. ಶೈಲಜಾಳ ಬಗ್ಗೆ ಅವಳು ಕೇಳಿದಳು, ಅವನು ಹೇಳಿದ. ಆಕೆ ಹಾಡುತ್ತಿದ್ದದ್ದು, ಹುಳಿ ಇಲ್ಲದೆ ಊಟ ಮಾಡದೇ ಇದ್ದದ್ದು, ಸಿಟ್ಟು ಬಂದರೆ ಪಾತ್ರೆ ಜೋರಾಗಿ ತೊಳೆಯುತ್ತಿದ್ದದ್ದು. ಒಂಬತ್ತು ವರ್ಷದಿಂದ ಅವನು ಯಾರ ಮುಂದೂ ಅಷ್ಟು ಮಾತಾಡಿರಲಿಲ್ಲ. ಸುರೇಖಾ ತಾಯಿಯ ಮಂಚದ ಪಕ್ಕದ ಹದಿನಾಲ್ಕು ವರ್ಷದ ಬಗ್ಗೆ ಹೇಳಿದಳು. ತಾಯಿ ಸತ್ತ ಮಾರನೆಯ ದಿನ ಬೆಳಿಗ್ಗೆ ಏನು ಮಾಡಬೇಕೋ ತಿಳಿಯದೆ, ಖಾಲಿ ಹಾಸಿಗೆಯ ಬೆಡ್‌ಶೀಟ್ ಬದಲಾಯಿಸಿದ್ದಳಂತೆ.

ಬಿಸಿಲು ಹಳದಿಗೆ ತಿರುಗಿದಾಗ ಬಾವಿಯ ಕಟ್ಟೆಯ ಮೇಲೆ ಎರಡು ಕಿವಿ ಕಾಣಿಸಿದವು. ಆಮೇಲೆ ತಲೆ. ತೋಳ ಒಂದೇ ನೆಗೆತಕ್ಕೆ ಮೇಲೆ ಬಂದು, ಮೈ ಕೊಡವಿ, ಗಾಳಿ ಮೂಸಿತು. ಒದ್ದೆ ಕೂದಲು ಬಿಚ್ಚಿಕೊಂಡಾಗ ಅದು ನಿಜಕ್ಕೂ ದೊಡ್ಡದಾಗಿತ್ತು. ಬದುವಿನ ಕಡೆ ನೋಡಿತು, ಕಾರಿನ ಕಡೆ ನೋಡಿತು. ಆಮೇಲೆ ಓಡದೆ, ಉದ್ದುದ್ದ ಹೆಜ್ಜೆ ಹಾಕುತ್ತ, ಕಡಲೆ ಹೊಲ ಹಾದು ಕುರುಚಲು ಗುಡ್ಡದ ಕಡೆ ಹೋಯಿತು. ಶಿವಪ್ರಸಾದ ಉಸಿರು ಬಿಟ್ಟದ್ದು ಅವಳಿಗೆ ಕೇಳಿಸಿತು.

ಬದುವಿನಾಚೆಯಿಂದ ದುರುಗಪ್ಪ ಎದ್ದು ಬಂದ. "ಹಟ್ಟಿ ಬೇಲಿ ಮಾತು ಮರೀಬ್ಯಾಡ್ರಿ ಸಾಹೇಬ್ರ," ಎಂದ. ಸುರೇಖಾಳನ್ನು ನೋಡಿ, "ಇವರು ಯಾರ್ರಿ, ಹೊಸಾ ಮೇಡಮ್ಮ?" ಎಂದ.

"ನನ್ನ ಮನಿಯಾಕಿ," ಎಂದ ಶಿವಪ್ರಸಾದ. "ಸುರೇಖಾ."

ಅಮರಮ್ಮ ಸೆರಗಿನಲ್ಲಿ ಹಸಿ ಕಡಲೆ ಗಿಡ ತುಂಬಿಕೊಂಡು ಬಂದು ಸುರೇಖಾಳ ಮಡಿಲಿಗೆ ಸುರಿದಳು.

ಹೋಟೆಲಿಗೆ ಮುಟ್ಟಿದಾಗ ದೀಪ ಹಚ್ಚಿದ್ದರು. ಹೊತ್ತಾದರೂ ಬರಲಿಲ್ಲವೆಂದು ನೀರಿನ ಕಡೆಯ ಕೋಣೆಯನ್ನು ಬೇರೆಯವರಿಗೆ ಕೊಟ್ಟಿದ್ದರು. ಉಳಿದಿದ್ದದ್ದು ಹಿಂದಿನದು, ಅದರ ಕಿಟಕಿ ಅಡುಗೆಮನೆಗೆ ಎದುರು. ಶಿವಪ್ರಸಾದನ ಮುಖ ಸಣ್ಣದಾಯಿತು. ಮ್ಯಾನೇಜರನ ಜೊತೆ ಜಗಳ ತೆಗೆಯಲು ಬಾಯಿ ತೆರೆದ. ಸುರೇಖಾ ಅವನ ತೋಳು ಹಿಡಿದು ಎಳೆದಳು.

"ಒಗ್ಗರಣಿ ವಾಸನಿ ಚಲೋ ಬರಾಕತ್ತೈತಿ. ನಡೀರಿ, ಹಸಿವಾಗೈತಿ."

ಮರುದಿನ ಜಲದುರ್ಗಕ್ಕೆ ಹೋದರು. ಕೃಷ್ಣೆ ಎರಡಾಗಿ ಸೀಳಿ, ಕೋಟೆಯ ಗುಡ್ಡವನ್ನು ಬಳಸಿ ಹರಿಯುವುದನ್ನು ಮುರುಕು ಬುರುಜಿನ ಮೇಲೆ ಕುಳಿತು ನೋಡಿದರು. ಕೆಳಗೆ ಬಂಡೆಯ ಮೇಲೆ ಬಿಸಿಲು ಕಾಯುತ್ತಿದ್ದ ಮೊಸಳೆಯನ್ನು ಅವನು ತೋರಿಸಿದ. ಅವಳಿಗೆ ಅದು ಕೊರಡಿನಂತೆ ಕಂಡಿತು, ಬಾಯಿ ತೆರೆದಾಗಲೇ ನಂಬಿದಳು. ಮಧ್ಯಾಹ್ನ ಪಂಪಾವತಿಗೆ ಫೋನ್ ಮಾಡಿ ಇಬ್ಬರೂ ಒಬ್ಬರ ಮಾತು ಒಬ್ಬರು ಕಸಿದುಕೊಂಡು ತೋಳದ ಕಥೆ ಹೇಳಿದರು. "ಹೋಟೆಲಿನ್ಯಾಗ ಸುಮ್ನ ಕೂತು ಬರೋರು ಬ್ಯಾರೆ ಮಂದಿ, ನೀವಿಬ್ಬರೂ ಅಲ್ಲ," ಎಂದು ಅವಳು ನಕ್ಕಳು.

ಮೂರನೆಯ ದಿನ ಸುರೇಖಾಳಿಗೆ ಡ್ಯೂಟಿಯ ರೂಢಿಯಂತೆ ನಸುಕಿಗೇ ಎಚ್ಚರವಾಯಿತು. ಶಾಲು ಹೊದ್ದು ಹಿನ್ನೀರಿನ ದಂಡೆಗೆ ಬಂದಳು. ನೀರಿನ ಮೇಲೆ ಮಂಜು ತೆಳ್ಳಗೆ ಹರಡಿತ್ತು. ಒಮ್ಮೆಲೆ ನೀರು ಗುಳುಗುಳು ಅಂದು, ಚಪ್ಪಟೆ ತಲೆಯ ಒಂದು ಪ್ರಾಣಿ ಮೇಲೆದ್ದಿತು. ಹಿಂದೆ ಇನ್ನೊಂದು, ಮತ್ತೊಂದು. ನೀರುನಾಯಿಗಳು. ಒಂದು ಮೀನು ಹಿಡಿದು ಬಂಡೆಯ ಮೇಲೆ ಕುಳಿತು, ಎರಡೂ ಕೈಯಲ್ಲಿ ಹಿಡಿದು ಕರಕರ ತಿಂದಿತು. ಅವಳು ಉಸಿರು ಬಿಗಿಹಿಡಿದು ನೋಡಿದಳು. ಆಮೇಲೆ ಓಡಿ ಹೋಗಿ ಅವನ ಕಾಲು ಹಿಡಿದು ಅಲ್ಲಾಡಿಸಿದಳು.

ಅವನು ಬರಿಗಾಲಲ್ಲಿ, ಲುಂಗಿ ಎತ್ತಿ ಹಿಡಿದು ಓಡಿ ಬಂದ. ನೀರು ಸುಮ್ಮನಿತ್ತು. ಬಂಡೆಯ ಮೇಲೆ ಒದ್ದೆ ಗುರುತು ಮಾತ್ರ ಇತ್ತು.

"ಹೋದವು," ಎಂದಳು ಅವಳು, ಅಪರಾಧ ಮಾಡಿದವಳಂತೆ. "ನಿನ್ನ ಮೊದಲೇ ಎಬ್ಬಿಸಬೇಕಿತ್ತು ನಾನು."

ನಿನ್ನ ಎಂದಳು. ಇಬ್ಬರೂ ಕೇಳಿಸಿಕೊಂಡರು.

ಅವನು ಬಂಡೆಯ ಮೇಲೆ ಕುಳಿತು ಪಕ್ಕದಲ್ಲಿ ಜಾಗ ಮಾಡಿದ. "ಎಷ್ಟಿದ್ದವು?"

"ನಾಕು. ಇಲ್ಲ, ಐದು. ಒಂದು ಸಣ್ಣದು, ಅದಕ್ಕ ಮೀನು ಹಿಡಿಯಾಕ ಬರ್ತಿದ್ದಿಲ್ಲ."

"ಹೆಂಗಿತ್ತು, ಸಣ್ಣದು?"

ಅವಳು ಹೇಳತೊಡಗಿದಳು. ಅದು ಮುಳುಗಿದ್ದು, ತಪ್ಪಿಸಿಕೊಂಡ ಮೀನಿಗಾಗಿ ಅತ್ತಿತ್ತ ನೋಡಿದ್ದು, ತಾಯಿಯ ಬಾಯಿಂದ ಕಸಿದುಕೊಂಡಿದ್ದು. ಕೈ ಆಡಿಸಿ, ಮುಖ ಮಾಡಿ ತೋರಿಸಿದಳು. ಜೀವಮಾನವೆಲ್ಲ ಪ್ರಾಣಿಗಳ ನಡುವೆ ಕಳೆದವನು, ತಾನು ನೋಡದ ಆ ಒಂದು ಮರಿಯ ಬಗ್ಗೆ ಮತ್ತೆ ಮತ್ತೆ ಕೇಳುತ್ತ ಕುಳಿತ. ಅಡುಗೆಯವನು ಎರಡು ಕಪ್ ಚಹಾ ತಂದಿಟ್ಟು ಹೋದ. ಮಂಜು ಕರಗಿ ಆಚೆಯ ದಂಡೆ ಕಾಣಿಸಿತು, ಒಬ್ಬ ತೆಪ್ಪದವನು ಬಲೆ ಬೀಸುತ್ತ ಹೋದ. ನೀರುನಾಯಿಗಳು ಮತ್ತೆ ಬರಲಿಲ್ಲ. ಹನ್ನೊಂದಕ್ಕೆ ಕೋಣೆ ಖಾಲಿ ಮಾಡಬೇಕಿತ್ತು. ಅಲ್ಲಿಯವರೆಗೂ ಅವರು ಆ ಬಂಡೆಯಿಂದ ಏಳಲಿಲ್ಲ.